ಪಂಪು ಬಂತು, ಪಂಪು ನಡೆಸುವವನು ಎಲ್ಲಿ?



ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳದ ಮಂತ್ರಿ ಮಹಾಶಯರು ಕಡಿಮೆ. (ಸರಗೂರು, ಸಾಲಿಗ್ರಾಮ ಈಗ ಬೇರೆ ತಾಲ್ಲೂಕುಗಳಾಗಿವೆ. ನಮ್ಮ ಕಷ್ಟಕ್ಕೆ ಗಡಿ ಇಲ್ಲದ್ದರಿಂದ ಅವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.) ಗುದ್ದಲಿ ಪೂಜೆಗೆ ಒಂದು ಕಲ್ಲು, ಉದ್ಘಾಟನೆಗೆ ಇನ್ನೊಂದು ಕಲ್ಲು. ಆ ಎರಡು ಕಲ್ಲುಗಳಲ್ಲಿ ಇಂಜಿನಿಯರರ ಹೆಸರಿರುತ್ತದೆ, ಕೆಲವು ಕಡೆ ಗುತ್ತಿಗೆದಾರರ ಹೆಸರೂ ಇರುತ್ತದೆ. ನಾಳೆ ಬೆಳಿಗ್ಗೆ ಬಂದು ಬೀಗ ತೆಗೆದು ಆ ಯಂತ್ರವನ್ನು ನಡೆಸುವವನು ಯಾರು, ಅವನಿಗೆ ಕೆಲಸ ಕಲಿಸಿದವರು ಯಾರು ಎಂಬುದು ಯಾವ ಕಲ್ಲಿನಲ್ಲೂ ಇರುವುದಿಲ್ಲ. ಕಲ್ಲಿನಲ್ಲಿ ಇಲ್ಲದಿದ್ದರೆ ಹೋಗಲಿ, ಎಸ್ಟಿಮೇಟಿನಲ್ಲೂ ಇರುವುದಿಲ್ಲ. ನನ್ನ ತಕರಾರು ಅದು.

ನಮ್ಮ ಕಡೆಯದೇ ಒಂದು ಏತ ನೀರಾವರಿ ಪಂಪ್‌ಹೌಸಿಗೆ ಹೋಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿರುವ ಹುಡುಗನ ಹೊಟ್ಟೆಪಾಡು ಹಾಳಾಗಬಾರದು. ಯಂತ್ರಗಳು ಮದುವೆ ಹೆಣ್ಣಿನ ಹಾಗೆ ಬಣ್ಣ ಬಳಿದುಕೊಂಡು ಕೂತಿದ್ದವು. ಮೂರರಲ್ಲಿ ಒಂದು ನಡೆಯುತ್ತಿತ್ತು. ಒಂದರ ಮೋಟಾರು ಸುಟ್ಟು ಬಿಚ್ಚಿಕೊಂಡು ಹೋಗಿತ್ತು. ಇನ್ನೊಂದು ಯಾಕೆ ನಿಂತಿದೆ ಎಂದು ಕೇಳಿದರೆ ಹುಡುಗ ತಲೆ ಕೆರೆದುಕೊಂಡ. "ನಂಗೆ ಸ್ವಿಚ್ ಹಾಕೋದು, ಆರ್ಸೋದು ತೋರ್ಸವ್ರೆ ಗೌಡ್ರೆ, ಅಷ್ಟೇಯ. ಮಿಕ್ಕಿದ್ದ ಕಂಪನಿಯೋರ ಕೇಳ್ಬೇಕು" ಅಂದ. ಕಂಪನಿಯವರು ಎಲ್ಲಿ? ಫೋನು ಎತ್ತುವುದಿಲ್ಲ. ಯಂತ್ರದ ಕೈಪಿಡಿ ಎಲ್ಲಿ? ಬೀರುವಿನಲ್ಲಿದೆ. ಬೀರುವಿನ ಕೀಲಿ ಎಲ್ಲಿ? ಕಂಪನಿಯವರ ಹತ್ತಿರ ಇದೆ. ಕೈಪಿಡಿ ಕೈಗೆ ಸಿಕ್ಕಿದ್ದರೂ ಅದು ಇಂಗ್ಲಿಷಿನಲ್ಲಿ ಇರುತ್ತಿತ್ತು ಅನ್ನುವುದು ಬೇರೆ ಮಾತು.

ಆ ಹುಡುಗನನ್ನು ಬೈದು ಫಲವಿಲ್ಲ. ಅಂವ ಬುದ್ಧಿವಂತ. ಕೇಳಿದರೆ ಹೇಳುತ್ತಾನೆ, ಹೇಳಿಕೊಟ್ಟರೆ ಕಲಿಯುತ್ತಾನೆ. ಹೇಳಿಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಪಂಪು ನಡೆಸುವುದರಲ್ಲಿ ಕಲಿಯುವುದು ಏನಿದೆ ಮಹಾ ಎಂದು ನೀವು ಕೇಳಬಹುದು, ನಮ್ಮ ಬೋರು ನಾವೇ ನಡೆಸುತ್ತಿಲ್ಲವೇ ಅಂತ. ನಡೆಸುತ್ತೀವಿ, ಸುಡುತ್ತಲೂ ಇದ್ದೀವಿ. ಮೂರು ಫೇಸಿನಲ್ಲಿ ಒಂದು ಹೋದಾಗ ಮೋಟಾರು ಗುಂಯ್ ಅಂತ ಮುಲುಗಿ, ಕಾದು, ವೈಂಡಿಂಗ್ ಸುಟ್ಟು ಹೋಗುವುದನ್ನು ನೋಡದ ರೈತ ನಮ್ಮಲ್ಲಿ ಯಾರಿದ್ದಾರೆ? ಐದು ಎಚ್‌ಪಿ ಮೋಟಾರು ಸುಟ್ಟರೆ ಒಬ್ಬನ ಮನೆ ಅಳುತ್ತದೆ. ಏತ ನೀರಾವರಿಯ ನೂರಾರು ಎಚ್‌ಪಿ ಮೋಟಾರು ಸುಟ್ಟರೆ ಹತ್ತು ಊರಿನ ಕೆರೆ ಒಣಗುತ್ತದೆ. ಅದನ್ನು ಬಿಚ್ಚಿ, ಕ್ರೇನಿನಲ್ಲಿ ಎತ್ತಿ, ಊರಾಚೆ ಸಾಗಿಸಿ, ಸುತ್ತಿಸಿ ವಾಪಸು ತರುವಷ್ಟರಲ್ಲಿ ನಮ್ಮ ಬೆಳೆಯ ಕಾಲ ಮುಗಿದಿರುತ್ತದೆ.

ದೊಡ್ಡ ಪಂಪಿನ ಕೆಲಸ ಸ್ವಿಚ್ಚಿನಲ್ಲಿ ಮುಗಿಯುವುದಿಲ್ಲ. ಸೆಂಟ್ರಿಫ್ಯೂಗಲ್ ಪಂಪಾದರೆ ಡೆಲಿವರಿ ವಾಲ್ವು ಮುಚ್ಚಿ ಚಾಲೂ ಮಾಡಬೇಕು, ವೇಗಕ್ಕೆ ಬಂದ ಮೇಲೆ ನಿಧಾನಕ್ಕೆ ತೆರೆಯಬೇಕು. ತೆರೆದಿಟ್ಟೇ ಚಾಲೂ ಮಾಡಿದರೆ ಮೋಟಾರಿನ ಮೇಲೆ ಭಾರ ಬೀಳುತ್ತದೆ. ಗ್ಲ್ಯಾಂಡಿನಲ್ಲಿ ನೀರು ತೊಟ್ಟು ತೊಟ್ಟಾಗಿ ಬೀಳುತ್ತಿರಬೇಕು. ಸೋರುತ್ತೆ ಅಂತ ಬಿಗಿ ಮಾಡಿದರೆ ಶಾಫ್ಟು ಕಾಯುತ್ತದೆ, ಸಡಿಲ ಬಿಟ್ಟರೆ ಪಂಪ್‌ಹೌಸಿನಲ್ಲೇ ಕೆರೆಯಾಗುತ್ತದೆ. ಪೈಪು ದಿಬ್ಬ ಹತ್ತಿ ಇಳಿಯುವ ಕಡೆ ಗಾಳಿ ವಾಲ್ವು ಇರುತ್ತದೆ. ಅದು ಕಚ್ಚಿಕೊಂಡರೆ ಪೈಪಿನೊಳಗೆ ಗಾಳಿ ಕೂತು, ಕರೆಂಟು ಅಷ್ಟೇ ಖರ್ಚಾಗಿ, ನೀರು ಅರ್ಧಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಗಂಡಾಂತರ ಕರೆಂಟು ದಿಢೀರನೆ ಹೋದಾಗ ಬರುತ್ತದೆ. ಮೈಲುಗಟ್ಟಲೆ ಉದ್ದದ ಪೈಪಿನಲ್ಲಿ ಮೇಲಕ್ಕೆ ಹೋಗುತ್ತಿದ್ದ ನೀರು ಹಿಂದಕ್ಕೆ ತಿರುಗಿ ಬಂದು ಗುದ್ದುತ್ತದೆ. ಹಿಂದಕ್ಕೆ ಬರದಂತೆ ತಡೆಯುವ ವಾಲ್ವು ಸರಿಯಿಲ್ಲದಿದ್ದರೆ ಪೈಪು ಒಡೆಯುತ್ತದೆ, ಇಲ್ಲವೇ ಪಂಪು ಉಲ್ಟಾ ತಿರುಗುತ್ತದೆ. ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಷ್ಟನ್ನೆಲ್ಲ ಸ್ವಿಚ್ ಹಾಕುವುದನ್ನು ಮಾತ್ರ ಕಲಿತ ಹುಡುಗನ ತಲೆ ಮೇಲೆ ಹೊರಿಸಿ ಸರ್ಕಾರ ನಿದ್ದೆ ಮಾಡುತ್ತದೆ.

ಈಗ ಪಿರಿಯಾಪಟ್ಟಣದ ವಿಚಾರಕ್ಕೆ ಬನ್ನಿ. ಮುತ್ತಿನ ಮುಳ್ಳುಸೋಗೆಯ ಹತ್ತಿರ ಕಾವೇರಿಯಿಂದ ನೀರೆತ್ತಿ ತಾಲ್ಲೂಕಿನ 150 ಕೆರೆಗಳಿಗೆ ತುಂಬಿಸುವ ಯೋಜನೆ. ಮುನ್ನೂರು ಕೋಟಿ ರೂಪಾಯಿಯ ಹತ್ತಿರದ ಬಾಬತ್ತು. ವರ್ಷಗಟ್ಟಲೆ ಕಾದು, ಕೂಗಾಡಿ ಪಡೆದದ್ದು. ಯೋಜನೆ ಒಳ್ಳೆಯದು, ನಾನು ಅದರ ವಿರೋಧಿಯಲ್ಲ. ಕೆರೆ ತುಂಬಿದರೆ ಸುತ್ತಲ ಬೋರಿಗೆ ಜೀವ ಬರುತ್ತದೆ, ಹೊಗೆಸೊಪ್ಪಿನ ಸಸಿ ಮಡಿಗೆ ನೀರಾಗುತ್ತದೆ, ದನ ಕರು ಬದುಕುತ್ತವೆ. ಆದರೆ 150 ಕೆರೆ ಅಂದರೆ 150 ಕಡೆ ನೀರು ಬಿಡುವ ವಾಲ್ವು, ಅದರ ಮೇಲೊಂದು ಚೇಂಬರು, ಅದಕ್ಕೊಂದು ಕೀಲಿ. ಕೀಲಿ ಯಾರ ಸೊಂಟದಲ್ಲಿರುತ್ತದೆ? ಮೊದಲು ಯಾವ ಕೆರೆ, ಆಮೇಲೆ ಯಾವುದು, ಎಷ್ಟು ದಿನ, ಮೇಲಿನ ಕೆರೆ ಕೋಡಿ ಬೀಳುವವರೆಗೂ ಕೆಳಗಿನವರು ಕಾಯಬೇಕೇ? ಇದು ತೀರ್ಮಾನವಾಗಿ, ಬರಹಕ್ಕೆ ಇಳಿದು, ಅದನ್ನು ನಡೆಸಲು ಕಲಿತವನೊಬ್ಬ ಇಲ್ಲದಿದ್ದರೆ ಜೋರು ಬಾಯಿಯವನ ಕೆರೆ ತುಂಬುತ್ತದೆ, ಕೊನೆಯ ಊರಿನ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಪಂಪ್‌ಹೌಸಿನವನಿಗೆ ಯಂತ್ರವನ್ನು ಕಲಿಸಬೇಕು, ಕೆರೆಯ ಮೇಲಿನವನಿಗೆ ಲೆಕ್ಕವನ್ನೂ ನ್ಯಾಯವನ್ನೂ ಕಲಿಸಬೇಕು. ಎರಡನೆಯದು ಇನ್ನೂ ಕಷ್ಟದ ಕೆಲಸ.

ಹಿಂದೆ ಇದನ್ನು ಬಲ್ಲವನೊಬ್ಬ ನಮ್ಮ ಊರೂರಲ್ಲೂ ಇದ್ದ, ನೀರುಗಂಟಿ. ತೂಬನ್ನು ಎಷ್ಟು ಎತ್ತಬೇಕು, ಏರಿಯಲ್ಲಿ ಹೆಗ್ಗಣದ ಬಿಲ ಎಲ್ಲಿದೆ, ಮಳೆ ಹೊಡೆದ ರಾತ್ರಿ ಕೋಡಿಯ ಹತ್ತಿರ ಏನು ಮಾಡಬೇಕು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಎಲ್ಲವೂ ಅವನ ಕಾಲಿಗೂ ಕಣ್ಣಿಗೂ ಗೊತ್ತಿತ್ತು. ಅಪ್ಪನ ಹಿಂದೆ ಮಗ ಹತ್ತು ವರ್ಷ ಏರಿ ಮೇಲೆ ನಡೆದು ಕಲಿತ ವಿದ್ಯೆ. ಆ ಪದ್ಧತಿ ಮತ್ತೆ ಬರಲಿ ಅನ್ನುತ್ತಿಲ್ಲ, ತಪ್ಪು ತಿಳಿಯಬೇಡಿ. ಬಹಳ ಕಡೆ ಆ ಕೆಲಸ ದಲಿತರ ಕುಟುಂಬಗಳ ತಲೆ ಮೇಲೇ ಇತ್ತು, ಕೊಟ್ಟ ಕೂಲಿಗಿಂತ ಮಾಡಿಸಿಕೊಂಡ ಚಾಕರಿ ಹೆಚ್ಚು, ಅದರಲ್ಲಿ ನಮ್ಮ ಹಿರಿಯರ ಪಾಲೂ ಇದೆ. ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದು ಮಾಡಿದ್ದು ನ್ಯಾಯವೇ. ಆದರೆ ಅಧಿಕಾರದ ಜೊತೆ ವಿದ್ಯೆಯೂ ಹೋಯಿತು. ಅವನ ಜಾಗಕ್ಕೆ ಸಂಬಳ ಕೊಟ್ಟು, ಮರ್ಯಾದೆ ಕೊಟ್ಟು, ಕಲಿತವನೊಬ್ಬನನ್ನು ತಂದು ಕೂರಿಸುವ ಕೆಲಸ ಆಗಲಿಲ್ಲ. ನಾಲೆಗಳಲ್ಲಿ ಸೌಡಿಗಳು ಇದ್ದರು. ಈಗ ಹಳಬರು ನಿವೃತ್ತರಾದ ಕಡೆ ಜಾಗ ಖಾಲಿ, ಇಲ್ಲವೇ ದಿನಗೂಲಿ. 2000ದಲ್ಲಿ ನೀರಾವರಿ ಕಾಯಿದೆ ತಿದ್ದಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹೊಣೆ ವಹಿಸಿದರು. ಸಂಘಕ್ಕೆ ಬೋರ್ಡು ಬಂತು, ಸೀಲು ಬಂತು. ತೂಬಿನ ಸ್ಕ್ರೂಗೆ ಗ್ರೀಸು ಹಚ್ಚುವವನು ಎಷ್ಟು ಸಂಘಗಳಲ್ಲಿ ಇದ್ದಾನೆ ಎಂದು ನೀವೇ ಹೇಳಿ.

ದೊಡ್ಡ ಅಣೆಕಟ್ಟಿನ ಕಥೆಯೂ ಇದೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದಿಂದ ಹತ್ತಾರು ಟಿಎಂಸಿ ನೀರು ರೈತರ ಕಣ್ಣೆದುರೇ ನದಿ ಪಾಲಾಯಿತು. ಆಗ ಯಾರನ್ನು ಕರೆದರು? ಗೇಟಿನ ಕೆಲಸದಲ್ಲೇ ಜೀವ ಸವೆಸಿದ್ದ, ನಿವೃತ್ತರಾಗಿದ್ದ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆ ಹಿರಿಯರಿಗೂ ಅವರ ಜೊತೆ ಜೀವ ಪಣವಿಟ್ಟ ಕೂಲಿಕಾರರಿಗೂ ರೈತ ಕುಲದ ನಮಸ್ಕಾರ. ಆದರೆ ಯೋಚನೆ ಮಾಡಿ ಸ್ವಾಮಿ. ಮೂರು ರಾಜ್ಯಗಳ ರೈತರ ಅನ್ನದ ಅಣೆಕಟ್ಟು, ಅದನ್ನು ಕಾಪಾಡಲು ವಯಸ್ಸಾದ ಒಬ್ಬರನ್ನು ಮನೆಯಿಂದ ಕರೆತರಬೇಕಾಯಿತು. ಅವರ ತಲೆಯಲ್ಲಿರುವ ವಿದ್ಯೆಯನ್ನು ಇಪ್ಪತ್ತು ಜನ ಹುಡುಗರಿಗೆ ದಾಟಿಸುವ ಏರ್ಪಾಡು ಮುಂಚೆಯೇ ಆಗಬೇಕಿತ್ತು.

ನಮ್ಮ ಕೋಟೆ ತಾಲ್ಲೂಕಿನ ಕಬಿನಿ ಜಲಾಶಯ 1974ರದ್ದು, ಐವತ್ತು ವರ್ಷ ದಾಟಿದೆ. ನುಗು ಅದಕ್ಕಿಂತ ಹಳೆಯದು. ತಾರಕ ಇದೆ, ಹುಣಸೂರಿನಲ್ಲಿ ಹನಗೋಡು ಅಣೆಕಟ್ಟೆ ಇದೆ, ಹಾರಂಗಿ ನಾಲೆಗಳಿವೆ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಪ್ರಕಾರ ದೊಡ್ಡ ಅಣೆಕಟ್ಟುಗಳ ಒಡೆತನ ಯಾರದೋ ಅವರು ನಿರ್ವಹಣೆಯ ಕೈಪಿಡಿ ಇಟ್ಟಿರಬೇಕು, ತರಬೇತಾದ ಸಿಬ್ಬಂದಿ ಇಟ್ಟಿರಬೇಕು. ಕಾಯಿದೆ ನಮ್ಮ ಕಡೆ ಇದೆ. ಕೇಳುವ ಬಾಯಿ ನಮ್ಮದಾಗಬೇಕು.

ಕುಡಿಯುವ ನೀರಿಗೆ ಬಂದರೆ ಬೆಳೆಯ ಮಾತು ಹೋಗಿ ಜೀವದ ಮಾತೇ ಆಗುತ್ತದೆ. 2019ರಲ್ಲಿ ಜಲಜೀವನ ಮಿಷನ್ ಶುರುವಾಯಿತು, ತಲೆಗೆ ದಿನಕ್ಕೆ 55 ಲೀಟರಿನ ಲೆಕ್ಕ. ಊರೂರಲ್ಲಿ ಬೀದಿ ಅಗೆದು ಪೈಪು ಹಾಕಿದರು, ಮನೆ ಮುಂದೆ ನಲ್ಲಿ ನೆಟ್ಟರು. ಆ ಯೋಜನೆಯ ಕಾಗದದಲ್ಲಿ ಊರಿನ ನೀರು ಸಮಿತಿಗೆ ತರಬೇತಿ ಅಂತ ಇದೆ, ಪ್ರತಿ ಊರಿನಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸಬೇಕು ಅಂತ ಇದೆ. ನಿಮ್ಮೂರಿನ ಆ ಐವರು ಯಾರು? ನಮ್ಮೂರಿನಲ್ಲಿ ಕೇಳಿದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಪ್ರಾಯದ ಹುಡುಗನೊಬ್ಬ ತೀರಿಕೊಂಡ. ಮೈಸೂರಿನ ಮಗ್ಗುಲಲ್ಲೇ ಹೀಗಾದರೆ ಕಾಡಂಚಿನ ನಮ್ಮ ಹಳ್ಳಿಗಳ ಪಾಡೇನು? ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು, ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಹೇಗೆ ನೋಡಬೇಕು, ಚರಂಡಿ ಪಕ್ಕದ ಪೈಪು ಒಡೆದರೆ ಮೊದಲು ಏನು ಮುಚ್ಚಬೇಕು, ಇದನ್ನು ಒಬ್ಬ ವಾಟರ್‌ಮನ್‌ಗೆ ಕಲಿಸಲು ವಾರ ಸಾಕು. ಆ ವಾರ ಸಿಕ್ಕಿಲ್ಲ.

ಶುದ್ಧ ನೀರಿನ ಘಟಕಗಳ ವಿಚಾರ ಬರೆದರೆ ಈ ಸಂಚಿಕೆಯೇ ಸಾಲದು. ನಾಣ್ಯ ಹಾಕಿದರೆ 20 ಲೀಟರು ಕೊಡುವ ಡಬ್ಬಿ, ಈಗ ಎಷ್ಟೋ ಊರಿನಲ್ಲಿ ಅದರ ಮೇಲೆ ಚುನಾವಣೆಯ ಪೋಸ್ಟರ್ ಅಂಟಿಸಲು ಮಾತ್ರ ಬಳಕೆ. ಒಳಗಿನ ಪೊರೆ ಕಟ್ಟಿಕೊಳ್ಳುತ್ತದೆ, ಬದಲಾಯಿಸಬೇಕು ಎಂದು ಅದನ್ನು ನೋಡಿಕೊಳ್ಳುವವನಿಗೆ ಹೇಳಿದವರಿಲ್ಲ.

ಎಲ್ಲ ಕಡೆಯೂ ಹೀಗೇ ಅನ್ನಲಾರೆ, ನಿಮ್ಮ ಹಾಲಿನ ಡೇರಿ ನೋಡಿ. ಅದರಲ್ಲಿ ನೂರು ದೋಷ ಇದೆ, ಹಾಲಿನ ದರದ ವಿಚಾರದಲ್ಲಿ ಈ ಪತ್ರಿಕೆ ಅವರ ಜೊತೆ ಜಗಳ ಆಡುತ್ತಲೇ ಇದೆ. ಆದರೂ ಒಂದು ಮಾತು ಒಪ್ಪಬೇಕು. ಎಪ್ಪತ್ತರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಡೇರಿ ಅಭಿವೃದ್ಧಿ ಶುರುವಾದಾಗ ಕಟ್ಟಡದ ಜೊತೆಗೇ ಮನುಷ್ಯರನ್ನೂ ತಯಾರು ಮಾಡಿದರು. ಕಾರ್ಯದರ್ಶಿಗೆ ಲೆಕ್ಕ ಕಲಿಸಿದರು, ಹಾಲು ಪರೀಕ್ಷಕನಿಗೆ ಫ್ಯಾಟ್ ನೋಡುವುದು ಕಲಿಸಿದರು, ಕೃತಕ ಗರ್ಭಧಾರಣೆ ಮಾಡುವ ಹುಡುಗರನ್ನು ಆಯಾ ಹಳ್ಳಿಯಿಂದಲೇ ಆರಿಸಿದರು. ಹಾಲು ಮಹಾಮಂಡಳಿ ತರಬೇತಿ ಕೇಂದ್ರಗಳನ್ನೇ ಇಟ್ಟುಕೊಂಡಿದೆ. ಅದರಿಂದಲೇ ಏಳನೇ ಕ್ಲಾಸು ಓದಿದವನು ದಿನಕ್ಕೆ ಎರಡು ಹೊತ್ತು ತಪ್ಪದೆ ಡೇರಿ ಬಾಗಿಲು ತೆಗೆಯುತ್ತಾನೆ. ನಮ್ಮ ಹಳ್ಳಿ ಜನಕ್ಕೆ ಕಲಿಯಲು ಬರುವುದಿಲ್ಲ ಅನ್ನುವ ಅಧಿಕಾರಿಗಳು ಒಂದು ದಿನ ಬೆಳಿಗ್ಗೆ ಐದೂವರೆಗೆ ಎದ್ದು ಬಂದು ನೋಡಲಿ.

ದುಡ್ಡಿಲ್ಲ ಅನ್ನುತ್ತಾರೆ. ಲೆಕ್ಕ ಹಾಕೋಣ ಬನ್ನಿ. ಒಂದು ದೊಡ್ಡ ಪಂಪ್‌ಹೌಸಿಗೆ ಮೂರು ಪಾಳಿ, ಪಾಳಿಗೆ ಇಬ್ಬರು, ರಜೆ ಕಾಯಿಲೆಗೆ ಬದಲಿ ಇಬ್ಬರು, ಒಟ್ಟು ಎಂಟು ಜನ. ತಿಂಗಳಿಗೆ ತಲಾ 20,000 ರೂಪಾಯಿ ಅಂತ ಇಟ್ಟುಕೊಂಡರೆ ವರ್ಷಕ್ಕೆ 19 ಲಕ್ಷದ 20 ಸಾವಿರ. ಮುನ್ನೂರು ಕೋಟಿಯ ಯೋಜನೆಯಲ್ಲಿ ಇದು ನೂರು ರೂಪಾಯಿಗೆ ಏಳು ಪೈಸೆಯೂ ಆಗುವುದಿಲ್ಲ. ತರಬೇತಿಯ ಖರ್ಚು ಇದಕ್ಕಿಂತ ಎಷ್ಟೋ ಕಡಿಮೆ. ಆ ಏಳು ಪೈಸೆ ಉಳಿಸಿ ಮುನ್ನೂರು ಕೋಟಿಯ ಮಾಲನ್ನು ತುಕ್ಕು ಹಿಡಿಸುತ್ತಾರೆ.

ಆಮೇಲೆ ಆ ತುಕ್ಕಿನ ಲೆಕ್ಕ ಬರುವುದು ನಮ್ಮ ಮನೆಗೆ. ಕೆರೆಗೆ ನೀರು ಬರುತ್ತೆ ಅಂತ ನಂಬಿ ಶುಂಠಿ ಹಾಕುತ್ತೀವಿ. ಪಂಪು ಮಾರ್ಚಿನಲ್ಲಿ ಕೆಡುತ್ತದೆ. ಬೆಳೆ ಉಳಿಸಿಕೊಳ್ಳಲು ಬೋರು ಕೊರೆಸುತ್ತೀವಿ, ಮೊದಲನೆಯದು ಫೇಲು, ಎರಡನೆಯದಕ್ಕೆ ಕೈಸಾಲ, ಮೂರನೆಯದಕ್ಕೆ ಹೆಂಗಸರ ಮೈಮೇಲಿನ ಚಿನ್ನ. ಬ್ಯಾಂಕಿನವನು ನೋಟೀಸಿನಲ್ಲಿ ನಿನ್ನ ಪಂಪ್‌ಹೌಸು ಯಾಕೆ ಕೆಟ್ಟಿತ್ತಪ್ಪಾ ಎಂದು ಕೇಳುವುದಿಲ್ಲ. ಇದು ನಮ್ಮ ಚಳುವಳಿಗೆ ಹೊಸ ಮಾತಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿದ್ದರ ಹಿಂದೆ ಇದ್ದದ್ದೇನು? ಮಲಪ್ರಭಾ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ನೀರಿನ ಕರ, ಬೆಟರ್‌ಮೆಂಟ್ ಲೆವಿ ಕಟ್ಟು ಎಂದು ರೈತನ ಕತ್ತು ಹಿಡಿದದ್ದು. ಅಣೆಕಟ್ಟು ಕಟ್ಟಿದ್ದೇವೆ, ನೀರು ಬಂದ ಹಾಗೇ ಲೆಕ್ಕ ಅನ್ನುವ ಬುದ್ಧಿ ಅಂದೂ ಇತ್ತು, ಇಂದೂ ಇದೆ.

ಹಾಗಾದರೆ ಏನಾಗಬೇಕು? ಜನರ ಲೆಕ್ಕ ಎಸ್ಟಿಮೇಟಿನ ದಿನವೇ ಆಗಬೇಕು, ಉದ್ಘಾಟನೆಯ ಮಾರನೇ ದಿನವಲ್ಲ. ಇಷ್ಟು ಪಂಪು, ಇಷ್ಟು ವಾಲ್ವು ಎಂದು ಬರೆಯುವ ಕಾಗದದಲ್ಲೇ ಇಷ್ಟು ಜನ, ಇಂಥ ಕೆಲಸ, ಇಷ್ಟು ತಿಂಗಳ ತರಬೇತಿ, ಇಷ್ಟು ಹಣ ಎಂದು ಬರೆಯಬೇಕು. ಆ ಹುಡುಗರನ್ನು ಯಂತ್ರ ಕೂರಿಸುವ ಮೊದಲೇ ನೇಮಿಸಬೇಕು. ಯಾಕೆಂದರೆ ಪಂಪು ಬಿಚ್ಚಿರುವಾಗ ಒಳಗೇನಿದೆ ಎಂದು ನೋಡಿದವನಿಗೆ ಬೇರೆ ಪಾಠ ಬೇಕಿಲ್ಲ. ಫಿಟ್ಟರಿನ ಜೊತೆ ಆರು ತಿಂಗಳು ಸ್ಪ್ಯಾನರು ಹಿಡಿದು ನಿಂತವನು, ಮೂರು ದಿನದ ಶಿಬಿರದಲ್ಲಿ ಊಟ ಮಾಡಿ ಪ್ರಮಾಣಪತ್ರ ತಂದವನಿಗಿಂತ ನೂರು ಪಾಲು ಮೇಲು. ಗುತ್ತಿಗೆಯಲ್ಲಿ ಕೆಲವು ವರ್ಷ ಕಂಪನಿಯೇ ನಡೆಸಬೇಕು ಎಂಬ ಷರತ್ತು ಮಾಮೂಲು ಇರುತ್ತದೆ. ಆ ವರ್ಷಗಳಲ್ಲಿ ಕಂಪನಿಯವರ ಪಕ್ಕದಲ್ಲಿ ನಮ್ಮವರು ನಿಂತು ಕಲಿಯಬೇಕು ಎಂದು ಅದೇ ಷರತ್ತಿನಲ್ಲಿ ಸೇರಿಸಲಿ. ಕೊನೆಯ ಬಿಲ್ಲು ಪಾಸಾಗುವ ಮುಂಚೆ ನಮ್ಮ ಹುಡುಗರು ಒಂದು ವಾರ ಕಂಪನಿಯವರ ನೆರವಿಲ್ಲದೆ ನಡೆಸಿ ತೋರಿಸಲಿ. ಕನ್ನಡದ ಕೈಪಿಡಿ, ಪೈಪು ಹೋದ ದಾರಿಯ ನಕ್ಷೆ, ಬಿಡಿಭಾಗಗಳ ಪಟ್ಟಿ ಕೈಗೆ ಬಂದ ಮೇಲೆ ಬಿಲ್ಲು ಪಾಸಾಗಲಿ. ಕಲಿಸುವ ಜಾಗ ಇಲ್ಲ ಅನ್ನುವ ಹಾಗಿಲ್ಲ. ಧಾರವಾಡದಲ್ಲಿ 1985ರಿಂದ ವಾಲ್ಮಿ ಇದೆ. ಮೈಸೂರಿನಲ್ಲಿ ನೀರ್ ಸಾಬ್ ಎಂದು ಹಳ್ಳಿ ಜನ ಕರೆದ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯೇ ಇದೆ. ಅಲ್ಲಿಗೆ ಪಂಚಾಯ್ತಿ ಸದಸ್ಯರನ್ನು ಕರೆದೊಯ್ಯುವ ಬಸ್ಸಿನಲ್ಲಿ ವಾಟರ್‌ಮನ್‌ಗೂ ಒಂದು ಸೀಟು ಕೊಟ್ಟರೆ ಆಯಿತು.

ಇಷ್ಟು ಹೇಳಿ ನಮ್ಮ ತಪ್ಪನ್ನು ಮುಚ್ಚಿಟ್ಟರೆ ಅನ್ಯಾಯ. ಪಂಪ್‌ಹೌಸಿಗೆ ಜಮೀನು ಬಿಟ್ಟವನು ನನ್ನ ಮಗನಿಗೆ ಕೆಲಸ ಕೊಡಿ ಅನ್ನುತ್ತಾನೆ. ಕೊಡಲಿ, ಅದು ಅವನ ಹಕ್ಕು. ಆದರೆ ಕಲಿಯಲು ಕಳಿಸಿದರೆ "ಅದ್ಯಾಕೆ, ಹಾಜರಿ ಹಾಕುದ್ರೆ ಸಾಕಲ್ವಾ" ಅನ್ನುವವರೂ ನಾವೇ. ಐಟಿಐ ಮುಗಿಸಿ ಮನೆಯಲ್ಲಿ ಕೂತ ಹುಡುಗನನ್ನು ಬಿಟ್ಟು ಶಾಸಕರ ಚೀಟಿ ತಂದವನನ್ನು ತುರುಕಿದಾಗ ಸುಮ್ಮನಿದ್ದವರೂ ನಾವೇ. ರಾತ್ರಿ ಹೊತ್ತು ವಾಲ್ವು ತಿರುಗಿಸು ಎಂದು ಆ ಬಡಪಾಯಿಯ ಕೈಗೆ ನೂರು ರೂಪಾಯಿ ತುರುಕುವುದು, ಮೇನ್ ಪೈಪಿಗೆ ತೂತು ಹೊಡೆಯುವುದು, ಇವೆಲ್ಲ ಬೆಂಗಳೂರಿನಿಂದ ಬಂದವರು ಮಾಡಿದ್ದಲ್ಲ. ಅವನಿಗೆ ಹೇಳಿಕೊಟ್ಟ ನಿಯಮವನ್ನು ಅವನು ಪಾಲಿಸಿದಾಗ ಊರು ಅವನ ಬೆನ್ನಿಗೆ ನಿಲ್ಲದಿದ್ದರೆ ಯಾವ ತರಬೇತಿಯೂ ಮೂರು ತಿಂಗಳ ಮೇಲೆ ಬಾಳುವುದಿಲ್ಲ.

ಮುಂದಿನ ತಿಂಗಳ ತಾಲ್ಲೂಕು ಸಭೆಗಳಲ್ಲಿ ಈ ವಿಷಯ ಇಡುವುದೆಂದು ಮಾತಾಗಿದೆ. ಬರುವಾಗ ಬರಿಗೈಯಲ್ಲಿ ಬರಬೇಡಿ. ನಿಮ್ಮ ಊರಿನ ಪಂಪ್‌ಹೌಸಿಗೋ ನೀರಿನ ಟ್ಯಾಂಕಿಗೋ ಒಂದು ಸಲ ಹೋಗಿ. ಅಲ್ಲಿರುವವನಿಗೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ, ಅವನಿಗೆ ಎಷ್ಟು ದಿನ ಕೆಲಸ ಕಲಿಸಿದರು, ಅವನು ರಜೆ ಹಾಕಿದರೆ ಬದಲಿಗೆ ಯಾರು ಬರುತ್ತಾರೆ ಕೇಳಿ. ಲಾಗ್ ಪುಸ್ತಕ ಇದ್ದರೆ ತೆಗೆಸಿ, ಕೊನೆಯ ಸಲ ಬರೆದ ತಾರೀಕನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡು ಬನ್ನಿ. ಪುಸ್ತಕವೇ ಇಲ್ಲದಿದ್ದರೆ ಹಾಗೆಂದೇ ಬರೆದು ತನ್ನಿ.